ಬರಿ ಅಂಗಳ ಬಿಡಬೇಡ

ನವನಗರ, ಬಾಗಲಕೋಟೆ

ಚಿ. ಸೌ. ಮಗಳಿಗೆ ದೊಡ್ಡವ್ವನ ಆಶೀರ್ವಾದಗಳು.

ನಿನ್ನ ಹೊಸ ಮನೆಯ ಫೋಟೋ ನೋಡಿದೆ. ಮನೆ ಚೆನ್ನಾಗಿದೆ. ಬಾಗಿಲ ಮುಂದಿನ ಸ್ಟಿಕರ್ ರಂಗೋಲಿ ನೋಡಿ ಮಾತ್ರ ನಗು ಬಂತು. ಒಂದು ಮೂಲೆ ಆಗಲೇ ಎದ್ದಿದೆಯಲ್ಲೇ!

ಫ್ಲಾಟಿನಲ್ಲಿ ಜಾಗ ಇಲ್ಲ, ಕೈಯೂ ನಡುಗುತ್ತದೆ ಅಂತ ಬರೆದಿದ್ದೀ. ಜಾಗ ಎರಡು ಗೇಣು ಸಾಕು. ಕೈ ನಡುಗುವುದು ಚಿಟಿಕೆ ಬಿಗಿ ಹಿಡಿದಾಗ. ಪುಡಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಸಡಿಲವಾಗಿ ಹಿಡಿ. ಹೆಬ್ಬೆರಳನ್ನು ಮೆಲ್ಲಗೆ ಸರಿಸುತ್ತಾ ಹೋಗು, ತಾನೇ ಉದುರುತ್ತದೆ. ಟೈಲ್ಸ್ ಮೇಲೆ ಮೊದಲು ಒದ್ದೆ ಅರಿವೆ ಆಡಿಸಿ, ಪಸೆ ಇರುವಾಗಲೇ ಹಾಕು. ನೀರು ನಿಂತರೆ ಎಳೆ ಹರಡುತ್ತದೆ. ತೀರಾ ನುಣ್ಣಗಿನ ಪುಡಿ ತರಬೇಡ, ಗಾಳಿಗೆ ಹಾರಿ ಪಕ್ಕದವರ ಚಪ್ಪಲಿ ಸೇರುತ್ತದೆ. ಅವರು ತಕರಾರು ತೆಗೆದರೆ ಜಗಳ ಬೇಡ. ಒಂದು ಹಲಗೆಗೆ ಕೆಂಪು ಹುರಮಂಜ ಬಳಿದು ಅದರ ಮೇಲೆ ಹಾಕು.

ಸುಮ್ನೆ ಚಿಕ್ಕದರಿಂದ ಶುರುಮಾಡು. ನಡುಸಾಲಿಗೆ 7 ಚುಕ್ಕಿ. ಮೇಲೆ ಕೆಳಗೆ ಸಂದಿನಲ್ಲಿ 6, 5, 4. ಎಣಿಸಿದರೆ 37 ಬರಬೇಕು. ನಾನು ಮದುವೆಯಾಗಿ ಬಂದ ಮೊದಲ ಪಂಚಮಿಗೆ, ಅತ್ತೆಗೆ ತೋರಿಸಬೇಕು ಅಂತ 21 ಚುಕ್ಕಿಗೆ ಕೈ ಹಾಕಿದ್ದೆ. ನಡುವೆ ಎಣಿಕೆ ತಪ್ಪಿ ಬಳ್ಳಿ ಕೂಡಲೇ ಇಲ್ಲ. ಅತ್ತೆ ಏನೂ ಅನ್ನಲಿಲ್ಲ. ತಪ್ಪಿದ ಜಾಗದಲ್ಲಿ ಒಂದು ಹೂವು ಬರೆದು ಒಳಗೆ ಹೋದರು.

ಹಳೆ ಊರಿನಲ್ಲಿ ದಿನಾ ಬೆಳಗ್ಗೆ ಅಂಗಳಕ್ಕೆ ನೀರಿನ ಥಳಿ ಹೊಡೆದು ರಂಗೋಲಿ ಹಾಕುತ್ತಿದ್ದೆವು. ಹಾಕದೆ ಬಿಡುತ್ತಿದ್ದುದು ಸೂತಕದಲ್ಲಿ ಮಾತ್ರ. ಒಮ್ಮೆ ಅತ್ತೆ ಊರಿಗೆ ಹೋದಾಗ ನನಗೆ ಜ್ವರ ಬಂದು ಏಳಲಿಲ್ಲ. ಬರಿ ಅಂಗಳ ನೋಡಿ ಎದುರು ಮನೆಯ ಅಕ್ಕ ಗಾಬರಿಯಾಗಿ ಓಡಿ ಬಂದಳು. "ಯಾರಿಗೇನಾತವ್ವಾ?" ಜ್ವರ ಅಂದೆ. ಬೈದಳು. ಆಮೇಲೆ ಮೂರು ದಿನ ನಮ್ಮ ಅಂಗಳಕ್ಕೂ ತಾನೇ ಹಾಕಿದಳು. ಅವಳ ಎಳೆ ದಪ್ಪ. ಅದು ನನ್ನ ಕೈಯಲ್ಲ ಅಂತ ಓಣಿಗೆಲ್ಲಾ ಗೊತ್ತಾಯಿತು!

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂತು, ಮುಳುಗಡೆಯಲ್ಲಿ ಆ ಓಣಿ ಹೋಯಿತು. ಆ ಅಕ್ಕನಿಗೆ ಜಾಗ ಸಿಕ್ಕಿದ್ದು ಈ ನವನಗರದ ಬೇರೆ ಸೆಕ್ಟರಿನಲ್ಲಿ. ಇಲ್ಲಿಗೆ ಬಂದ ಮೊದಲ ಬೆಳಗ್ಗೆ ಸಿಮೆಂಟಿನ ಮೇಲೆ ಚುಕ್ಕಿಯೇ ಕೂರಲಿಲ್ಲ. ಆದರೂ ಹಾಕಿದೆ. ಹಾಲಿಗೆ ಹೊರಟಿದ್ದ ಹೆಂಗಸೊಬ್ಬಳು ನಿಂತು ನೋಡಿ, "ಯಾವ ಓಣಿಯವರ್ರೀ ನೀವು?" ಅಂದಳು. ಈಗಲೂ ಸಂಜೆ ನಮ್ಮ ಕಟ್ಟೆಗೆ ಬರುತ್ತಾಳಲ್ಲ, ಅವಳೇ.

ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲ ಅಂದಿದ್ದೀ, ಅಲ್ವಾ? ನಾಳೆ 37 ಚುಕ್ಕಿ ಇಡು. ಸೊಟ್ಟಗಾದರೂ ಸರಿ. ಯಾರು ನಿಂತು ಕೇಳಿದರು ಅಂತ ನನಗೆ ಬರೆ.

ದೀಪಾವಳಿಗೆ ಬಾ. ಸೆಗಣಿಯಲ್ಲಿ ಪಾಂಡವರ ಗೊಂಬೆ ನಾನು ಮಾಡುತ್ತೇನೆ. ಸುತ್ತಲಿನ ರಂಗೋಲಿ ಈ ಸಲ ನಿನ್ನದು, ನನ್ನ ಮೊಣಕಾಲು ಬಗ್ಗುತ್ತಿಲ್ಲ.

ನಿನ್ನ ದೊಡ್ಡವ್ವ