ಸಭೆಯ ನೋಟಿಸು, ಕಾರ್ಯಸೂಚಿ ಮೊದಲೇ ತಿಳಿಸಿ: ಗ್ರಾಮಸ್ಥರ ಮನವಿ

ಗೆ,
ಪಂಚಾಯತ್ ಅಭಿವೃದ್ಧಿ ಅಧಿಕಾರಿಯವರು,
ಗ್ರಾಮ ಪಂಚಾಯತ್ ಕಚೇರಿ, ಉಡುಪಿ ಜಿಲ್ಲೆ

ವಿಷಯ: ಸಾಮಾನ್ಯ ಸಭೆ, ವಾರ್ಡ್ ಸಭೆ ಮತ್ತು ಗ್ರಾಮಸಭೆಗಳ ನೋಟಿಸು ಹಾಗೂ ಕಾರ್ಯಸೂಚಿಯನ್ನು ಮುಂಚಿತವಾಗಿ ಪ್ರಕಟಿಸುವ ಬಗ್ಗೆ

ಮಾನ್ಯರೇ,

ತೋಡಿನ (ಸಣ್ಣ ಹಳ್ಳದ) ಬದಿಯ ಸರ್ಕಾರಿ ಜಾಗದಲ್ಲಿ ಒಣಕಸದ ಶೆಡ್ ಬರುತ್ತದೆಂದು ನಮಗೆ ಗೊತ್ತಾದದ್ದು ಜೆಸಿಬಿ ಬಂದು ನಿಂತ ದಿನ. ಕಚೇರಿಯಲ್ಲಿ ವಿಚಾರಿಸಿದರೆ, ಹಿಂದಿನ ತಿಂಗಳ ಸಾಮಾನ್ಯ ಸಭೆಯಲ್ಲೇ ನಿರ್ಣಯ ಆಗಿದೆ ಎಂಬ ಉತ್ತರ ಸಿಕ್ಕಿತು. ಆ ಸಭೆಯ ಕಾರ್ಯಸೂಚಿ ಕೇಳಿ ನೋಡಿದೆವು: ಹಿಂದಿನ ಸಭೆಯ ನಡಾವಳಿ ದೃಢೀಕರಣ, ಜಮಾ ಖರ್ಚು, ಬಂದ ಅರ್ಜಿಗಳು, ಕೊನೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’. ಶೆಡ್ಡು ಆ ‘ಇತರ’ದೊಳಗೆ ಬಂದು ಹೋಗಿತ್ತು.

ಶೆಡ್ಡೇ ಬೇಡ ಎಂದು ನಾವು ಹೇಳುತ್ತಿಲ್ಲ. ಕಸ ನಮ್ಮ ಮನೆಗಳದ್ದೇ, ಎಲ್ಲಾದರೂ ಒಂದು ಕಡೆ ಜಾಗ ಆಗಲೇಬೇಕು. ಆದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಆ ತೋಡು ಉಕ್ಕಿ ಕೆಳಗಿನ ಬೈಲಿನ ಬಾವಿಗಳಿಗೆ ನುಗ್ಗುತ್ತದೆ. ಮೊದಲೇ ಕೇಳಿದ್ದರೆ ಆ ಬೈಲಿನವರು ಯಾರಾದರೂ ಹೇಳುತ್ತಿದ್ದರು.

ಸಾಮಾನ್ಯ ಸಭೆಗೆ ಪೂರ್ಣ 7 ದಿನ, ವಿಶೇಷ ಸಭೆಗೆ ಪೂರ್ಣ 3 ದಿನ ಮೊದಲು, ಚರ್ಚಿಸುವ ವಿಷಯಗಳ ಸಹಿತ ನೋಟಿಸು ಕೊಡಬೇಕೆಂದು 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಪೂರ್ಣ ದಿನವೆಂದರೆ ನೋಟಿಸು ಕೊಟ್ಟ ದಿನ, ಸಭೆಯ ದಿನ ಎರಡನ್ನೂ ಬಿಟ್ಟು ಲೆಕ್ಕ. ನಿಮ್ಮಲ್ಲಿ ನೋಟಿಸು ಹಚ್ಚುವುದೇ ಇಲ್ಲವೆಂದು ದೂರುತ್ತಿಲ್ಲ. ಫಲಕ ಇರುವುದು ಕಬ್ಬಿಣದ ಗೇಟಿನ ಒಳಗೆ. ಮಣಿಪಾಲದಲ್ಲಿ ಕೆಲಸ ಮುಗಿಸಿ ಬಸ್ಸಿಳಿಯುವವರಿಗೆ ಕಾಣುವುದು ಗೇಟಿನ ಬೀಗ.

ಗ್ರಾಮಸಭೆಯ ಕಥೆ ಇನ್ನೊಂದು. ಕಳೆದ ಸಲ ರಾತ್ರಿ 8 ಗಂಟೆಗೆ ವಾಟ್ಸಾಪ್‌ನಲ್ಲಿ ಸಂದೇಶ ಬಂತು, ಮರುದಿನ ಬೆಳಿಗ್ಗೆ 10.30ಕ್ಕೆ ಸಭೆ. ಆ ಹೊತ್ತಿಗೆ ಮಲ್ಲಿಗೆ ಮನೆಗಳಲ್ಲಿ ಹೆಂಗಸರು ನಸುಕಿಗೆ ಕೊಯ್ದ ಮೊಗ್ಗನ್ನು ಕಟ್ಟುತ್ತಿರುತ್ತಾರೆ. ಕಟ್ಟಿದ ಹೂವಿನ ಅಟ್ಟೆ ಹೂ ಕೊಳ್ಳುವ ಕಟ್ಟೆಗೆ ತಲುಪುವುದು ತಡವಾದರೆ ಆ ದಿನದ ಸಂಪಾದನೆ ಹೋಯಿತು. ಮಲ್ಪೆಯಿಂದ ಆಳಸಮುದ್ರಕ್ಕೆ ಹೋದ ಬೋಟಿನವರು ಬರುವುದೇ ಹತ್ತು ದಿನಕ್ಕೆ. ಹೀಗಾಗಿ ಫಲಾನುಭವಿಗಳ ಆಯ್ಕೆಯೂ ಮುಂದಿನ ವರ್ಷದ ಕಾಮಗಾರಿ ಪಟ್ಟಿಯೂ ಕುರ್ಚಿ ತುಂಬಿಸಲು ಬಂದ ಕೆಲವರ ಎದುರು ಮುಗಿಯಿತು. ಊರಿನ ಬಯಲಾಟಕ್ಕೆ ರಿಕ್ಷಾಕ್ಕೆ ಮೈಕ್ ಕಟ್ಟಿ ಮೂರು ದಿನ ಸಾರುತ್ತೇವೆ. ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕಾದ ಗ್ರಾಮಸಭೆಗೆ ಅಷ್ಟು ಮಾಡಲಾಗದೇ?

ಆದ್ದರಿಂದ ಗ್ರಾಮಸಭೆ, ವಾರ್ಡ್ ಸಭೆಗಳ ದಿನವನ್ನು ಕನಿಷ್ಠ 15 ದಿನ ಮೊದಲು ತಿಳಿಸಿ. ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಬಸ್ ನಿಲ್ದಾಣಗಳಲ್ಲಿ ನೋಟಿಸು ಹಚ್ಚಿಸಿ, ಒಂದು ದಿನ ಮೈಕ್‌ನಲ್ಲಿ ಹೇಳಿಸಿ. ಸಭೆ ಮಧ್ಯಾಹ್ನ 3ರ ನಂತರ ಇರಲಿ. ಮೀನುಗಾರಿಕೆ ನಿಷೇಧದ ಜೂನ್ 1ರಿಂದ ಜುಲೈ 31ರ ನಡುವೆ ಒಂದು ಗ್ರಾಮಸಭೆ ಇಟ್ಟರೆ ಬೋಟಿನವರೂ ಬರುತ್ತಾರೆ. ಮಳೆಯ ನೆಪ ಬೇಡ, ಶಾಲೆಯ ಹಾಲ್ ಇದೆ.

ಸಾಮಾನ್ಯ ಸಭೆಯ ಮಟ್ಟಿಗೆ ನಮ್ಮ ಮುಖ್ಯ ಬೇಡಿಕೆ ಒಂದೇ. ಜಾಗ, ಹಣ, ಗುತ್ತಿಗೆ, ಪರವಾನಗಿ ಇವು ಯಾವುವೂ ‘ಇತರ ವಿಷಯ’ದಲ್ಲಿ ಬರಬಾರದು. ಸರ್ವೆ ನಂಬರ್, ಅಂದಾಜು ಮೊತ್ತದ ಸಹಿತ ಕಾರ್ಯಸೂಚಿಯಲ್ಲೇ ಬರೆಯಿರಿ. ಪಂಚಾಯತ್‌ಗಳ ‘ಪಂಚತಂತ್ರ’ ತಂತ್ರಾಂಶದಲ್ಲಿ ಏರಿಸುವ ನಡಾವಳಿಯ ಒಂದು ಪ್ರತಿ ಫಲಕದಲ್ಲೂ ಇರಲಿ. ಸಭೆಗಳಿಗೆ ಸಾರ್ವಜನಿಕರಿಗೆ ಪ್ರವೇಶ ಇದೆಯೇ, ನಡಾವಳಿ ನೋಡಲು ಸಿಗುತ್ತದೆಯೇ ಎಂಬುದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನಲ್ಲಿದೆ. ಅದಕ್ಕೂ ನಾವು ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕುವಂತಾಗದಿರಲಿ.

ತೋಡಿನ ಬದಿಯ ಶೆಡ್ಡಿನ ವಿಷಯವನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಪ್ರತ್ಯೇಕವಾಗಿ ಸೇರಿಸಿ, ಅಲ್ಲಿಯವರೆಗೆ ಕೆಲಸ ನಿಲ್ಲಿಸಬೇಕಾಗಿ ಕೋರುತ್ತೇವೆ. ಉತ್ತರ ಲಿಖಿತವಾಗಿ ಬರಲಿ.

ಇತಿ,
ತಮ್ಮ ವಿಶ್ವಾಸಿಗಳು,
ತೋಡಿನ ಬೈಲು ಮತ್ತು ಸುತ್ತಲಿನ ಗ್ರಾಮಸ್ಥರು
(ಸಹಿ ಹಾಳೆ ಲಗತ್ತಿಸಿದೆ)

ಪ್ರತಿ: ಕಾರ್ಯನಿರ್ವಾಹಕ ಅಧಿಕಾರಿ, ತಾಲೂಕು ಪಂಚಾಯತ್