ಖೋಕಾ ಕಾಸುವ ಕೆಲಸದ ಬಗ್ಗೆ ಅಪ್ಪನವರಿಗೆ

ಮೊಂಟಾನಾ, ಅಮೆರಿಕ, ಅಕ್ಟೋಬರ್ 12

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ.

ನಾನು ಬಂದೂಕಿನ ತೋಟಾಗಳಿಗೆ ಮದ್ದು ತುಂಬುವ ಕೆಲಸಕ್ಕೆ ಇಳಿದಿದ್ದೇನೆಂದು ಕಾಕಾ ಹೇಳಿದ ದಿನದಿಂದ ಅವ್ವ ಸರಿಯಾಗಿ ಉಂಡಿಲ್ಲವೆಂದು ನಿಮ್ಮ ಪತ್ರದಲ್ಲಿ ಓದಿ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಬಿ.ಪಿ. ಇರುವವಳು ಊಟ ಬಿಟ್ಟರೆ ಹೇಗೆ? ಏನನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ, ನೀವೇ ಅವಳಿಗೆ ಓದಿ ಹೇಳಬೇಕು.

ಮದ್ದು ಅಳೆದು ತುಂಬುವವರು ನಮ್ಮ ಮನೆ ಮಾಲೀಕರು, ಎಪ್ಪತ್ತು ದಾಟಿದ ಬೇಟೆಗಾರರು. ಬೆಳಗಾವಿ ಕ್ಯಾಂಪಿನಲ್ಲಿ ನೀವು ಗುಂಡು ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟಾವನ್ನು, ಒಂದೊಂದು ಖೋಕಾವನ್ನೂ, ಎಣಿಸಿ ಒಪ್ಪಿಸಬೇಕಿತ್ತು. ಇಲ್ಲಿ ಅದಕ್ಕೇ ಮದ್ದಿಗೆ ಕಿಡಿ ಕೊಡುವ ಹೊಸ ಕ್ಯಾಪು, ಮದ್ದು, ಗುಂಡು ಹಾಕಿ ಮತ್ತೆ ಬಳಸುತ್ತಾರೆ. ಸ್ವಂತಕ್ಕೆ ತುಂಬಿಕೊಳ್ಳಲು ಲೈಸೆನ್ಸ್ ಬೇಡ, ಮದ್ದಿನ ಡಬ್ಬಿ ಅಂಗಡಿಯಲ್ಲೇ ಸಿಗುತ್ತದೆ. ಆದರೂ ಇವರ ಶಿಸ್ತು ನಿಮ್ಮ ಮರಾಠಾ ರೆಜಿಮೆಂಟಿನ ಶಿಸ್ತಿಗೆ ಕಡಿಮೆಯಿಲ್ಲ.

ನನ್ನ ಪಾಲಿನದು ಖಾಲಿ ಖೋಕಾಗಳ ಕುತ್ತಿಗೆ ಕಾಸುವುದಷ್ಟೇ. ನಮ್ಮ ಬೋಗಾರರು ತಂಬಿಗೆ ಬಡಿಯುವಾಗ ನಡುನಡುವೆ ಬೆಂಕಿಗೆ ಹಿಡಿಯುವುದು ಯಾಕೋ, ಇದೂ ಅದಕ್ಕೇ. 70 ಭಾಗ ತಾಮ್ರ, 30 ಭಾಗ ಸತುವಿನ ಈ ಹಿತ್ತಾಳೆ ಹಾರಿಸಿದಾಗ ಹಿಗ್ಗಿ, ಅಚ್ಚಿನಲ್ಲಿ ಒತ್ತಿದಾಗ ಕುಗ್ಗಿ, ಗಡುಸಾಗುತ್ತ ಹೋಗಿ ಕೊನೆಗೆ ಬಾಯಲ್ಲಿ ಸೀಳುತ್ತದೆ. ಕಾಸಿದರೆ ಮತ್ತೆ ಮೆತ್ತಗಾಗುತ್ತದೆ. ಶೆಡ್ಡಿನ ದೀಪ ತಗ್ಗಿಸಿ, ಖೋಕಾವನ್ನು ತಿರುಗಿಸುತ್ತ ಕುತ್ತಿಗೆಗೆ ಗ್ಯಾಸಿನ ಉರಿ ಹಿಡಿದರೆ ಕೆಲವೇ ಸೆಕೆಂಡುಗಳಲ್ಲಿ ಹಳದಿ ಮಾಸಿ, ತೆಳು ನೀಲಿಯೊಂದು ಕುತ್ತಿಗೆಯ ಕೆಳಗೆ ಖೋಕಾ ಅಗಲವಾಗುವ ಹೆಗಲತ್ತ ಇಳಿಯುತ್ತದೆ. ಆ ಕ್ಷಣವೇ ನೀರಿಗೆ ಹಾಕುತ್ತೇನೆ. ಉಕ್ಕಿನಂತೆ ಹಿತ್ತಾಳೆ ನೀರಿಗೆ ಬಿದ್ದು ಗಡುಸಾಗುವುದಿಲ್ಲ. ಬಿಸಿ ತಳಕ್ಕೆ ಇಳಿಯಬಾರದೆಂದಷ್ಟೇ ಹಾಗೆ ಮಾಡುವುದು. ತಳ ಮೆತ್ತಗಾದರೆ ಒತ್ತಡ ತಡೆಯದೆ ಹಾರಿಸುವವರ ಮುಖಕ್ಕೇ ಅಪಾಯ. ಅದಕ್ಕೇ ಸಂಶಯ ಬಂದ ಖೋಕಾವನ್ನು ಇಕ್ಕಳದಿಂದ ಜಜ್ಜಿ ಗುಜರಿಗೆ ಹಾಕುತ್ತೇನೆ.

ಹಳೆಯ ತೋಟಾಗಳು ಮಳೆಗಾಲದಲ್ಲಿ ತಾವಾಗಿ ಬಿರಿಯುತ್ತಿದ್ದವೆಂದು ನೀವು ಬರೆದದ್ದು ನಿಜ. ಬ್ರಿಟಿಷರು ನಮ್ಮಲ್ಲಿ ಕುದುರೆ ಲಾಯಗಳಲ್ಲಿ ಅವನ್ನು ಇಡುತ್ತಿದ್ದರು; ಮೂತ್ರದಿಂದೆದ್ದ ಅಮೋನಿಯ, ಹಿತ್ತಾಳೆಯೊಳಗೆ ಉಳಿದಿದ್ದ ಬಿಗಿತ, ಎರಡೂ ಸೇರಿ ಅದು ಬಿರಿಯುತ್ತಿತ್ತೆಂದು 1921ರಲ್ಲಿ ವಿವರಿಸಿದರು. ಕಾಸುವುದರಿಂದ ಬಿಡುವುದು ಆ ಬಿಗಿತವೇ. ಆದ್ದರಿಂದ ನಾನು ಮಾಡುವುದು ಅಪಾಯ ತಗ್ಗಿಸುವ ಕೆಲಸವೆಂದು ಅವ್ವನಿಗೆ ದಯವಿಟ್ಟು ತಿಳಿಸಿ. ಮದ್ದಿನ ಡಬ್ಬಿ ಬೇರೆ ಕೋಣೆಯಲ್ಲಿ ಬೀಗದೊಳಗಿದೆ. ಕನ್ನಡಕ ಹಾಕುತ್ತೇನೆ, ಕೈಗವಸು ಹಾಕುತ್ತೇನೆ, ಬಾಗಿಲು ತೆರೆದಿಡುತ್ತೇನೆ, ಪಕ್ಕದಲ್ಲೇ ಬಕೆಟ್ ನೀರು ಇರುತ್ತದೆ. ಇಂದಿನವರೆಗೆ ಒಂದು ಬೊಬ್ಬೆಯೂ ಎದ್ದಿಲ್ಲ, ಅವ್ವನಾಣೆ.

ಗುಳಿಗೆಯ ಹಣ ಕಳಿಸಿದ್ದೇನೆ. ಇಂದು ರಾತ್ರಿ ಅವಳು ರೊಟ್ಟಿ ಉಂಡಳೆಂದು ಒಂದು ಸಾಲು ಬರೆಯಿರಿ. ಅಂಚೆಯ ಹೊತ್ತಾಯಿತು, ಮುಗಿಸುತ್ತೇನೆ.

ನಿಮ್ಮ ಮಗ