ಅಪ್ಪ-ಅಮ್ಮನ ಜೊತೆ ಮ್ಯೂಸಿಯಂಪ್ಲೇನ್‌ನಲ್ಲಿ ಒಂದು ದಿನ

ಚಳಿ ಇಳಿಯುತ್ತಿದ್ದಂತೆ ನೆದರ್‌ಲ್ಯಾಂಡ್ಸ್‌ನಲ್ಲಿರುವ ನಮ್ಮಲ್ಲಿ ಅನೇಕರ ಮನೆಗೆ ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬರುತ್ತಾರೆ. ಕ್ಯೂಕೆನ್‌ಹಾಫ್‌ನ ಟ್ಯುಲಿಪ್, ಝಾನ್ಸೆ ಸ್ಕಾನ್ಸ್‌ನ ಗಾಳಿಗಿರಣಿ, ಕಾಲುವೆಯಲ್ಲೊಂದು ದೋಣಿ ಸುತ್ತು. ಅಲ್ಲಿಗೆ ಆಮ್‌ಸ್ಟರ್‌ಡ್ಯಾಮ್ ಮುಗಿಯಿತು. ಮ್ಯೂಸಿಯಂ ಮಾತು ಬಂದರೆ, "ಅವರಿಗೆ ಬೇಜಾರಾಗುತ್ತೆ, ಮಂಡಿನೋವು ಬೇರೆ" ಎಂದು ಅವರನ್ನು ಕೇಳದೆ ನಾವೇ ತೀರ್ಮಾನಿಸಿಬಿಡುತ್ತೇವೆ. ಈ ವರ್ಷ ದಯವಿಟ್ಟು ಒಂದು ದಿನವನ್ನು ಈ ನಗರದ ದೊಡ್ಡ ಮ್ಯೂಸಿಯಂಗಳು ಒಟ್ಟಿಗಿರುವ ಚೌಕವಾದ ಮ್ಯೂಸಿಯಂಪ್ಲೇನ್‌ಗೆ ಎತ್ತಿಡಿ.

ರೈಕ್ಸ್‌ಮ್ಯೂಸಿಯಂಗೆ ಹೋದವರೆಲ್ಲ ಮೊದಲು ಓಡುವುದು ರೆಂಬ್ರಾಂಟ್‌ನ ‘ನೈಟ್ ವಾಚ್’ ಕಡೆಗೆ. 1642ರ ಆ ಭಾರೀ ಚಿತ್ರವನ್ನು ನೋಡಲೇಬೇಕು, ಸರಿ. ಆದರೆ ಹಿರಿಯರನ್ನು ಹೆಚ್ಚು ಹೊತ್ತು ನಿಲ್ಲಿಸಬೇಕಾದದ್ದು ಅದೇ ಶತಮಾನದ ಡಚ್ ಚಿತ್ರಕಾರ ವರ್ಮೀರ್‌ನ ‘ಹಾಲು ಹೊಯ್ಯುವ ಹೆಂಗಸಿ’ನ ಮುಂದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎತ್ತರ 45.5 ಸೆಂಟಿಮೀಟರ್, ಅಗಲ 41, ಅಷ್ಟೇ. ಅಡುಗೆಮನೆಯ ಕೆಲಸದಾಕೆ ಮಣ್ಣಿನ ಹೂಜಿಯಿಂದ ಬೋಗುಣಿಗೆ ಸಣ್ಣಗೆ ಹಾಲು ಸುರಿಯುತ್ತಿದ್ದಾಳೆ. ಅವಳ ಗಮನವೆಲ್ಲ ಆ ಧಾರೆಯ ಮೇಲೆ. ಬಿಳಿ ಗೋಡೆಯಲ್ಲಿ ಮೊಳೆ ಕಿತ್ತ ತೂತುಗಳು, ಉಳಿದೊಂದು ಮೊಳೆಗೆ ಪುಟ್ಟ ನೆರಳು, ಬ್ರೆಡ್ಡಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದ ಬೆಳಕು. ಅವಳ ಬಟ್ಟೆಯ ಆ ನೀಲಿ, ಅಫ್ಘಾನಿಸ್ತಾನದ ಗಣಿಗಳಿಂದ ಬರುತ್ತಿದ್ದ ಲ್ಯಾಪಿಸ್ ಲಾಜುಲಿ ಕಲ್ಲನ್ನು ಅರೆದು ಮಾಡಿದ್ದು. ಆ ಕಾಲದ ತೀರಾ ದುಬಾರಿ ಬಣ್ಣಗಳಲ್ಲಿ ಒಂದನ್ನು ವರ್ಮೀರ್ ಉಡಿಸಿದ್ದು ಮನೆಗೆಲಸದವಳಿಗೆ! ಜೀವಮಾನವಿಡೀ ಅಡುಗೆಮನೆಯಲ್ಲಿ ದುಡಿದ ನಮ್ಮ ಅಮ್ಮಂದಿರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಅವರ ಪಕ್ಕ ಸುಮ್ಮನೆ ನಿಂತಿರಿ, ಅವರೇ ನಿಮಗೆ ತೋರಿಸುತ್ತಾರೆ.

ಇದೆಲ್ಲ ನಮಗೆ ಸಂಬಂಧಿಸಿದ್ದಲ್ಲ ಎನ್ನುವವರಿಗೆ ಇನ್ನೊಂದು ಮಾತು. ನೆದರ್‌ಲ್ಯಾಂಡ್ಸ್ ಬಿಟ್ಟು ಹೊರಗೇ ಹೋಗದ ರೆಂಬ್ರಾಂಟ್, ಮೊಘಲರ ಕಿರುಚಿತ್ರಗಳನ್ನು ಎದುರಿಗಿಟ್ಟುಕೊಂಡು ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರ ಬರೆದಿದ್ದಾನೆ. ಅವನಿಗಿಂತ ಮುಂಚೆಯೇ, ಹಾರ್ಲೆಂನ ಚಿತ್ರಕಾರ ಕಾರ್ನೆಲಿಸ್ ಹೇಡ ನಮ್ಮ ವಿಜಯಪುರಕ್ಕೆ ಹೋಗಿ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನ ಸೇರಿದ್ದ. ಗೋಲಗುಂಬಜ್ ಆಗ ಇನ್ನೂ ಎದ್ದಿರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಅಲ್ಲೇ ನಡೆದು ಹೋಗುವಷ್ಟು ಹತ್ತಿರದ ವ್ಯಾನ್ ಗೋ ಮ್ಯೂಸಿಯಂ. ಸೂರ್ಯಕಾಂತಿ ಎಲ್ಲರಿಗೂ ಗೊತ್ತು. ನೀವು ‘ಬಾದಾಮಿ ಹೂ’ ಹುಡುಕಿ. 1890ರಲ್ಲಿ ತಮ್ಮ ಥಿಯೋಗೆ ಗಂಡು ಮಗುವಾದಾಗ ವಿನ್ಸೆಂಟ್ ವ್ಯಾನ್ ಗೋ ಆ ಕೂಸಿಗೆಂದೇ ಬರೆದ ಚಿತ್ರ ಅದು. ಮಗುವಿಗೆ ದೊಡ್ಡಪ್ಪನದೇ ಹೆಸರು. ಅದೇ ಜುಲೈನಲ್ಲಿ ದೊಡ್ಡಪ್ಪ ತೀರಿಕೊಂಡ, ಆರು ತಿಂಗಳಿಗೆ ಅಪ್ಪನೂ ಹೋದ. ತಾಯಿ ಯೋ ವ್ಯಾನ್ ಗೋ-ಬಾಂಗರ್‌ಗೆ ಆಗ 28 ವರ್ಷ. ಕಂಕುಳಲ್ಲಿ ಮಗು, ಜೊತೆಗೆ ಯಾರೂ ಕೊಳ್ಳದ ನೂರಾರು ಚಿತ್ರಗಳು. ಬುಸ್ಸುಮ್ ಊರಿನಲ್ಲಿ ವಸತಿಗೃಹ ನಡೆಸಿ ಬದುಕು ಕಟ್ಟಿಕೊಂಡಳು, ಪ್ರದರ್ಶನಗಳನ್ನು ಏರ್ಪಡಿಸಿದಳು, 1914ರಲ್ಲಿ ಅಣ್ಣತಮ್ಮಂದಿರ ಪತ್ರಗಳನ್ನು ಅಚ್ಚು ಹಾಕಿಸಿದಳು. ಆ ಮಗು ಬೆಳೆದು ಎಂಜಿನಿಯರ್ ಆದ. 1973ರಲ್ಲಿ ಈ ಮ್ಯೂಸಿಯಂ ಬಾಗಿಲು ತೆರೆದದ್ದು ಅವನ ಪ್ರಯತ್ನದಿಂದ. ಯೋಳ ಕಥೆಯನ್ನು ಆ ನೀಲಿ ಚಿತ್ರದ ಮುಂದೆಯೇ ನಿಂತು ಮಕ್ಕಳಿಗೂ ಅಜ್ಜ-ಅಜ್ಜಿಗೂ ಹೇಳಿ.

ವ್ಯಾನ್ ಗೋ ಮ್ಯೂಸಿಯಂಗೆ ಸಮಯ ಗೊತ್ತುಮಾಡಿಕೊಂಡು ಮೊದಲೇ ಆನ್‌ಲೈನ್‌ನಲ್ಲಿ ಟಿಕೆಟ್ ಕಾಯ್ದಿರಿಸಬೇಕು. ಎರಡೂ ಕಡೆ 18 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ಲಿಫ್ಟ್ ಇದೆ, ಗಾಲಿಕುರ್ಚಿಯೂ ಸಿಗುತ್ತದೆ. ಮಂಡಿನೋವಿನ ನೆಪ ಬೇಡ.